ಜಗನ್ಮಾತೆಯ ಮಡಿಲ ಮಗು ಶ್ರೀರಾಮಕೃಷ್ಣರು

ದೇವರನ್ನು ತಂದೆಯೆಂದು, ಒಡೆಯನೆಂದು, ಸಖನೆಂದು ಭಜಿಸಿದ ಭಕ್ತರು ಅನೇಕರಿದ್ದಾರೆ. ತಾಯಿಯ ಸೆರಗು ಹಿಡಿದು ಹಟಮಾಡುವ ಮಗುವಿನಂತೆ ದೇವರ ಬೆನ್ನು ಹತ್ತಿದವರು ಶ್ರೀರಾಮಕೃಷ್ಣ ಪರಮಹಂಸರು.

ಅವರು ಜನಿಸಿದ್ದು 1836ರ ಫೆಬ್ರವರಿ 18ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಕಾಮಾರಪುಕುರ ಗ್ರಾಮದಲ್ಲಿ. ಹುಟ್ಟುಹೆಸರು ಗದಾಧರ. ತಂದೆ ಕ್ಷುದಿರಾಮ ಚಟ್ಟೋಪಾಧ್ಯಾಯ, ತಾಯಿ ಚಂದ್ರಮಣಿದೇವಿ. ಏಳನೆಯ ವಯಸ್ಸಿನಲ್ಲಿಯೇ ಬಾಲಕ ತಂದೆಯನ್ನು ಕಳೆದುಕೊಂಡ.

ಕಲ್ಕತ್ತೆಯ ಬಳಿ ದಕ್ಷಿಣೇಶ್ವರದ ಗಂಗಾತೀರದಲ್ಲಿ ರಾಣಿ ರಾಸಮಣಿ ಕಟ್ಟಿಸಿದ ಕಾಳಿಕಾ ದೇಗುಲದ ಪ್ರತಿಷ್ಠೆ ನಡೆದದ್ದು 1855ರಲ್ಲಿ. ರಾಣಿಯ ಜಾತಿಯ ಕಾರಣಕ್ಕೆ ಬ್ರಾಹ್ಮಣರು ಪೂಜೆಗೆ ಹಿಂಜರಿದಾಗ ಗದಾಧರನ ಅಣ್ಣ ರಾಮಕುಮಾರ ಆ ಹೊಣೆ ಹೊತ್ತರು. ಮೊದಮೊದಲು ಅಲ್ಲಿನ ಪ್ರಸಾದವನ್ನೂ ಮುಟ್ಟದಿದ್ದ ತಮ್ಮ, ಮರುವರ್ಷ ಅಣ್ಣ ತೀರಿಕೊಳ್ಳುವ ವೇಳೆಗೆ ತಾನೇ ಕಾಳಿಯ ಅರ್ಚಕನಾಗಿದ್ದ.

ಕಲ್ಲಿನ ಮೂರ್ತಿಯಲ್ಲಿ ಜೀವಂತ ತಾಯಿಯನ್ನು ಕಾಣಬೇಕೆಂಬ ತವಕ ಅವರನ್ನು ಉನ್ಮಾದದ ಅಂಚಿಗೆ ಒಯ್ದಿತು. ಮತ್ತೊಂದು ದಿನ ವ್ಯರ್ಥವಾಯಿತೆಂದು ಸಂಜೆಯಾಗುತ್ತಲೇ ಅಳುತ್ತಿದ್ದರು. ಕೊನೆಗೆ ಗುಡಿಯಲ್ಲಿದ್ದ ಖಡ್ಗಕ್ಕೆ ಕೈಯಿಕ್ಕಿದ ಕ್ಷಣದಲ್ಲಿ ಎಲ್ಲೆಯಿಲ್ಲದ ಬೆಳಕಿನ ಸಾಗರವಾಗಿ ಆಕೆ ದರ್ಶನವಿತ್ತಳೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮುಂದೆ ತೋತಾಪುರಿಯವರಿಂದ ಅದ್ವೈತ ಸಾಧನೆ ಕಲಿತಾಗಲೂ ಮನಸ್ಸಿನಿಂದ ಆ ತಾಯಿಯ ರೂಪವನ್ನು ದಾಟುವುದೇ ಅವರಿಗೆ ಅತ್ಯಂತ ಕಠಿಣವಾಯಿತು.

ಜಗದ ತಾಯಿಯನ್ನು ಕಂಡವರು ಹೆತ್ತ ತಾಯಿಯನ್ನು ಮರೆಯಲಿಲ್ಲ. 1868ರಲ್ಲಿ ವೃಂದಾವನಕ್ಕೆ ಹೋದಾಗ ಅಲ್ಲಿಯೇ ಉಳಿಯುವ ಮನಸ್ಸಾಗಿತ್ತು. ದಕ್ಷಿಣೇಶ್ವರದಲ್ಲಿದ್ದ ವೃದ್ಧ ಚಂದ್ರಮಣಿದೇವಿಯ ನೆನಪು ಅವರನ್ನು ಹಿಂದಕ್ಕೆ ಕರೆತಂದಿತು. 1876ರಲ್ಲಿ ಆಕೆ ತೀರಿಕೊಂಡರು. ಸಂನ್ಯಾಸಿಗೆ ಉತ್ತರಕ್ರಿಯೆಯ ಅಧಿಕಾರವಿಲ್ಲ. ಆದರೂ ತರ್ಪಣ ಬಿಡಲು ಗಂಗೆಗಿಳಿದರು. ಬೊಗಸೆಯ ಬೆರಳುಗಳು ಸೆಟೆದುಕೊಂಡು ನೀರೆಲ್ಲ ಸೋರಿಹೋಯಿತು. ಮಗನ ಕರ್ತವ್ಯ ಸಲ್ಲಿಸಲಾಗಲಿಲ್ಲವೆಂದು ಪರಮಹಂಸರು ಕಣ್ಣೀರಿಟ್ಟರು.

ಅವರ ಮಾತೃಭಾವ ಗುಡಿಯ ಬಾಗಿಲಿಗೆ ನಿಲ್ಲಲಿಲ್ಲ. ಪತ್ನಿ ಶಾರದಾದೇವಿಯನ್ನೇ ಪೀಠದಲ್ಲಿ ಕುಳ್ಳಿರಿಸಿ ಷೋಡಶಿಯಾಗಿ ಪೂಜಿಸಿದರು. ತಂದೆಯ ಮರಣಾನಂತರ ಬಡತನದಲ್ಲಿ ಬೆಂದ ನರೇಂದ್ರನನ್ನು ತಾಯಿಯ ಬಳಿ ಬೇಡಿಕೊಳ್ಳಲು ಕಳುಹಿಸಿದರು. ಮುಂದೆ ವಿವೇಕಾನಂದರಾದ ಆ ತರುಣ, ಮೂರು ಸಲ ಹೋದರೂ ಹಣ ಬೇಡಲಾರದೆ ವಿವೇಕ ವೈರಾಗ್ಯಗಳನ್ನೇ ಬೇಡಿ ಮರಳಿದ.

1885ರಲ್ಲಿ ಗಂಟಲಿನ ಕ್ಯಾನ್ಸರ್ ಅವರನ್ನು ಕಾಡಿತು. ಅನ್ನ ನುಂಗಲು ಶಕ್ತಿ ಕೊಡುವಂತೆ ತಾಯಿಯನ್ನು ಕೇಳಿಕೊಳ್ಳಿರೆಂದು ಶಿಷ್ಯರು ಅಂಗಲಾಚಿದರು. ಕೇಳಿದರು. ಇಷ್ಟೊಂದು ಬಾಯಿಗಳ ಮೂಲಕ ಉಣ್ಣುತ್ತಿರುವುದು ನೀನೇ ಅಲ್ಲವೇ ಎಂದು ಆಕೆ ಶಿಷ್ಯರತ್ತ ತೋರಿದಾಗ ನಾಚಿ ಸುಮ್ಮನಾದುದಾಗಿ ಅವರೇ ತಿಳಿಸಿದರು. 1886ರ ಆಗಸ್ಟ್ 16ರಂದು ಕಾಶೀಪುರದ ತೋಟದ ಮನೆಯಲ್ಲಿ ದೇಹ ಬಿಟ್ಟರು.

ಕನ್ನಡನಾಡಿಗೂ ಆ ಬೆಳಕು ತಲುಪಿತು. ಮೈಸೂರಿನ ಶ್ರೀರಾಮಕೃಷ್ಣಾಶ್ರಮ ಆರಂಭವಾದದ್ದು 1925ರಲ್ಲಿ. ತಾರುಣ್ಯದಲ್ಲಿ ಆ ಆಶ್ರಮದ ಆಶ್ರಯದಲ್ಲಿದ್ದ ಕುವೆಂಪು, ಮುಂದೆ ಪರಮಹಂಸರ ಜೀವನಚರಿತ್ರೆಯನ್ನು ಕನ್ನಡಿಗರ ಕೈಗಿತ್ತರು.