ದಖ್ಖನ್ನಿನ ನೆಲವನ್ನು ಅಳೆದ ಕರ್ನಲ್ ಸೈಕ್ಸರು



ದುಡಿಮೆಯನ್ನರಸಿ ರಾಂಜಣಗಾಂವಕ್ಕೆ ಬಂದು ನೆಲೆಸಿದ ಕನ್ನಡಿಗರಾದ ನಾವು ಇಲ್ಲಿಯ ಮಹಾಗಣಪತಿಯ ಗುಡಿಯನ್ನು ಬಲ್ಲೆವು, ಕಾರಖಾನೆಗಳನ್ನೂ ಬಲ್ಲೆವು. ಆದರೆ ನಮ್ಮ ಕಾಲಡಿಯ ಕರಿಕಲ್ಲಿನ ಕಥೆಯನ್ನು ಬಲ್ಲವರು ವಿರಳ. ಈ ನೆಲದ ಎತ್ತರ, ಮಳೆ, ಶಿಲೆ ಮೂರನ್ನೂ ಜೊತೆಗೂಡಿಸಿ ನೋಡಿದ ಮೊದಲಿಗರಲ್ಲಿ ವಿಲಿಯಂ ಹೆನ್ರಿ ಸೈಕ್ಸರು ಒಬ್ಬರು.

ಇವರು ಜನಿಸಿದುದು 1790ರಲ್ಲಿ. ಹದಿಹರೆಯದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೇನೆಯನ್ನು ಸೇರಿ, 1805ರ ಭರತಪುರದ ಮುತ್ತಿಗೆಯಲ್ಲಿಯೂ 1817ರ ಖಡಕಿಯ ಯುದ್ಧದಲ್ಲಿಯೂ ಭಾಗವಹಿಸಿದರು. ಪೇಶವೆಯರ ರಾಜ್ಯವನ್ನು ಗೆದ್ದ ಸೇನೆಯ ಅಧಿಕಾರಿಗೆ, ಗೆದ್ದ ನೆಲವನ್ನೇ ಅಳೆಯುವ ಕೆಲಸ 1824ರಲ್ಲಿ ಒದಗಿತು. ಮುಂಬಯಿ ಸರಕಾರವು ಅವರನ್ನು ಅಂಕಿ-ಅಂಶಗಳ ವರದಿಗಾರರನ್ನಾಗಿ ನೇಮಿಸಿತು. ಪುಣೆ, ಅಹಮದನಗರ, ಖಾನದೇಶಗಳೊಡನೆ ನಮ್ಮ ಧಾರವಾಡವೂ ಅವರ ವರದಿಯಲ್ಲಿ ಸೇರಿತ್ತು. 1829ರಲ್ಲಿ ಆ ಹುದ್ದೆಯನ್ನೇ ಸರಕಾರವು ರದ್ದುಗೊಳಿಸಿತು. ಸೈಕ್ಸರು ಎದೆಗುಂದಲಿಲ್ಲ. ಸೇನೆಯ ಕೆಲಸದಿಂದ ರಜೆ ಪಡೆದು, 1831ರ ವೇಳೆಗೆ ಕಾರ್ಯವನ್ನು ಮುಗಿಸಿಯೇ ತಾಯ್ನಾಡಿಗೆ ತೆರಳಿದರು.

ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ. ಆದುದರಿಂದ ವಾಯುಭಾರಮಾಪಕವನ್ನು ಓದಿ ಎತ್ತರವನ್ನು ತಿಳಿಯಬಹುದು. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವುದರಿಂದ, ಸಾಮಾನ್ಯ ಉಷ್ಣತಾಮಾಪಕವೂ ಈ ಕೆಲಸಕ್ಕೆ ಸಾಕೆಂಬುದನ್ನು ಅವರು 1838ರ ಲೇಖನದಲ್ಲಿ ವಿವರಿಸಿದರು. ಪುಣೆಯಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದನ್ನು ನೀವೂ ಗುರುಗಳ ಸಮ್ಮುಖದಲ್ಲಿ ಪರೀಕ್ಷಿಸಿ ನೋಡಿರಿ.

ದಖ್ಖನ್ನಿನ ಹವಾಮಾನವನ್ನು ಕುರಿತು 1835ರಲ್ಲಿಯೂ ಭೂರಚನೆಯನ್ನು ಕುರಿತು 1836ರಲ್ಲಿಯೂ ಅವರ ಪ್ರಬಂಧಗಳು ಪ್ರಕಟವಾದವು. ಸಹ್ಯಾದ್ರಿಯ ಶಿಲಾಪದರಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದು ಮಟ್ಟಸವಾಗಿ ಹಾಸಿವೆ. ಅದರ ಪಶ್ಚಿಮದ ಮೈ ಕಡಿದಾದುದು. ಪೂರ್ವದ ಮೈ ಮೆಲ್ಲನೆ ಇಳಿಯುವುದು. ಆದುದರಿಂದಲೇ ಭೀಮಾ ಮತ್ತು ಘೋಡ ನದಿಗಳು ಪಶ್ಚಿಮ ಸಮುದ್ರಕ್ಕೆ ಸಮೀಪದಲ್ಲಿ ಹುಟ್ಟಿದರೂ ಪೂರ್ವಕ್ಕೆ ಹರಿಯುತ್ತವೆ.

ಈ ಪದರಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವೆಂಬುದು ಇಂದಿನ ವಿಜ್ಞಾನದ ನಿರ್ಣಯ. ನೆಲವು ಮೇಲೆದ್ದು ಮುಂಗಾರಿನ ಮೋಡವನ್ನು ತಡೆಯಿತು. ತಡೆದಲ್ಲಿ ಮಳೆ ಸುರಿಯಿತು. ಮಳೆ ಕಲ್ಲನ್ನು ಕೊರೆಯಿತು. ಸರಕು ಇಳಿಸಿದ ದೋಣಿಯು ನೀರಿನಲ್ಲಿ ಮೇಲೇಳುವಂತೆ, ಕಲ್ಲಿನ ಭಾರ ಕಳೆದ ಭೂಪದರವು ಮತ್ತಷ್ಟು ಮೇಲೆದ್ದಿತು. ಹೀಗೆ ಬೆಟ್ಟವು ಮಳೆಯನ್ನು ತರಿಸುತ್ತದೆ, ಮಳೆಯು ಬೆಟ್ಟವನ್ನು ರೂಪಿಸುತ್ತದೆ. ಕಲ್ಲು ಮಳೆನೀರಿನಲ್ಲಿ ಕರಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ, ಯುಗಯುಗಾಂತರದಲ್ಲಿ ಭೂಮಿಯ ಹವೆಯೂ ತಂಪಾಗುತ್ತದೆ. ಆದರೆ ಸಹ್ಯಾದ್ರಿ ಎಂದು, ಎಷ್ಟು ಮೇಲೆದ್ದಿತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಇದು ಕೇವಲ ಪುಸ್ತಕದ ಮಾತಲ್ಲ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಪುಣೆಯಲ್ಲಿ ಸುಮಾರು 700. ನಮ್ಮ ಶಿರೂರು ತಾಲೂಕಿನಲ್ಲಿ ಅದಕ್ಕೂ ಕಡಿಮೆ. ಬೆಟ್ಟದ ಮಳೆನೆರಳಿನಲ್ಲಿರುವ ನಮ್ಮ ಬಾವಿಗಳು ಬೇಸಗೆಯಲ್ಲಿ ಬತ್ತುವುದು ಇದರಿಂದಲೇ. ಕಲ್ಲು ಸವೆದು ಎರೆಮಣ್ಣಾಗಲು ಸಾವಿರಾರು ವರ್ಷ ಬೇಕು; ಒಡ್ಡು ಇಲ್ಲದ ಹೊಲದಿಂದ ಅದು ಕೊಚ್ಚಿಹೋಗಲು ಕೆಲವೇ ಮಳೆಗಾಲ ಸಾಕು. ಹತ್ತಿರದ ನಿಘೋಜದಲ್ಲಿ ಕುಕಡಿ ನದಿಯು ಗಟ್ಟಿಶಿಲೆಯಲ್ಲಿಯೇ ಕೊರೆದ ಕುಂಡಗಳನ್ನು ಕಂಡವರಿಗೆ ನೀರಿನ ಬಲವನ್ನು ಬೇರೆ ಹೇಳಬೇಕಾಗಿಲ್ಲ.

ಸೈಕ್ಸರು 1856ರಲ್ಲಿ ಕಂಪನಿಯ ಅಧ್ಯಕ್ಷರಾದರು. 1857ರಿಂದ ಅಬರ್ಡೀನ್ ನಗರದ ಪಾರ್ಲಿಮೆಂಟ್ ಸದಸ್ಯರಾಗಿದ್ದು 1872ರಲ್ಲಿ ನಿಧನರಾದರು. ಅವರನ್ನು ನೇಮಿಸಿದ ಸರಕಾರಕ್ಕೆ ಬೇಕಾಗಿದ್ದುದು ಆಡಳಿತದ ಅನುಕೂಲ. ಆ ಪರಕೀಯ ಆಳ್ವಿಕೆಯನ್ನು ನಾವು ಕೊಂಡಾಡಲಾರೆವು. ಆದರೆ ಹುದ್ದೆ ಹೋದರೂ ಹಿಡಿದ ಕೆಲಸವನ್ನು ಬಿಡದ ಅವರ ನಿಷ್ಠೆ ಅನುಕರಣೀಯವಾದುದು. ಆಳಲು ಬಂದವರು ಈ ನೆಲವನ್ನು ಅಷ್ಟು ಶ್ರದ್ಧೆಯಿಂದ ಅರಿತರೆಂದಮೇಲೆ, ಇದರ ಅನ್ನವನ್ನು ಉಣ್ಣುವ ನಾವು ಇದನ್ನು ಅರಿಯದಿರುವುದು ತರವೇ?