ತಾಯಂದಿರ ಪ್ರಾಣರಕ್ಷಕ ಸೆಮ್ಮೆಲ್‌ವೈಸ್

ಓದುಬರಹವಿಲ್ಲದವನು ಹೊಸ ವಿಚಾರವನ್ನು ಒಪ್ಪದಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ. ವಿದ್ಯೆಯಲ್ಲಿ ಉನ್ನತಿಗೇರಿದವರೇ ಮನಸ್ಸಿನ ಕದವಿಕ್ಕಿಕೊಂಡರೆ ಆಗುವ ಹಾನಿ ಎಷ್ಟೆಂಬುದನ್ನು ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸನ ಬಾಳು ತಿಳಿಸುತ್ತದೆ.

1818ರ ಜುಲೈ 1ರಂದು ಬುಡಾ ನಗರದ ದಿನಸಿ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದ ಈತನು ವಿಯೆನ್ನಾದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1846ರಲ್ಲಿ ಅಲ್ಲಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕ ಕ್ಲೈನನ ಸಹಾಯಕನಾದನು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳೂ ಇನ್ನೊಂದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. ಆ ವರ್ಷ ಮೊದಲನೆಯ ವಿಭಾಗದಲ್ಲಿ ಹೆತ್ತ 4,010 ತಾಯಂದಿರಲ್ಲಿ 459 ಮಂದಿ ಮಡಿದರು. ಎರಡನೆಯದರಲ್ಲಿ 3,754ರಲ್ಲಿ 105 ಮಂದಿ. ಬಡ ಗರ್ಭಿಣಿಯರು ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಹಿರಿಯ ವೈದ್ಯರು ಕೆಟ್ಟ ಗಾಳಿಯ ಮೇಲೆ ದೋಷ ಹೊರಿಸಿ ಸುಮ್ಮನಿದ್ದರು. ಒಂದೇ ಆವರಣದ ಗಾಳಿಯು ಒಂದು ಕಡೆಯವರನ್ನೇ ಹೆಚ್ಚಾಗಿ ಕೊಲ್ಲುವುದು ಹೇಗೆಂಬ ಚಿಂತೆ ಸೆಮ್ಮೆಲ್‌ವೈಸನನ್ನು ಕಾಡಿತು. ಹೆರಿಗೆಯ ಭಂಗಿಯನ್ನು ಬದಲಿಸಿ ನೋಡಿದನು. ಸಾಯುವವರ ಬಳಿಗೆ ಗಂಟೆಯ ನಾದದೊಡನೆ ಸಾಗುವ ಪಾದ್ರಿಯ ದಾರಿಯನ್ನೂ ಬದಲಿಸಿ ನೋಡಿದನು. ಫಲ ದೊರೆಯಲಿಲ್ಲ.

1847ರ ಮಾರ್ಚ್‌ನಲ್ಲಿ ಆತನ ಮಿತ್ರ ಕೊಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗಲಿ ಗಾಯಗೊಂಡು, ಬಾಣಂತಿ ಜ್ವರದಂಥವೇ ಲಕ್ಷಣಗಳಿಂದ ತೀರಿಕೊಂಡನು. ಆಗ ಸೆಮ್ಮೆಲ್‌ವೈಸನಿಗೆ ನಿಜ ಹೊಳೆಯಿತು. ಹೆಣ ಸೀಳಿದ ಕೈಗಳೇ ಹೆರಿಗೆಯ ಕೋಣೆಗೆ ಬರುತ್ತಿದ್ದವು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. ಮೇ ತಿಂಗಳ ನಡುವಿನಿಂದ ಕ್ಲೋರಿನ್ ನೀರಿನಲ್ಲಿ, ಮುಂದೆ ಅಗ್ಗವಾದ ಚಲುವೆ ಪುಡಿಯ ನೀರಿನಲ್ಲಿ, ಕೈ ತೊಳೆಯದೆ ಯಾರೂ ಬಾಣಂತಿಯರನ್ನು ಮುಟ್ಟಕೂಡದೆಂದು ಕಟ್ಟಳೆ ಮಾಡಿದನು. 1848ರಲ್ಲಿ ಅದೇ ಮೊದಲನೆಯ ವಿಭಾಗದಲ್ಲಿ 3,556 ತಾಯಂದಿರ ಪೈಕಿ ಸತ್ತವರು 45.

ಇಷ್ಟಾದರೂ ಕ್ಲೈನನು ಒಪ್ಪಲಿಲ್ಲ. 1849ರಲ್ಲಿ ಸೆಮ್ಮೆಲ್‌ವೈಸನ ಹುದ್ದೆ ಮುಂದುವರಿಯಲಿಲ್ಲ. ಸ್ಕೋಡಾ, ಹೆಬ್ರಾ, ರೋಕಿಟಾನ್‌ಸ್ಕಿಯಂಥವರು ಬೆಂಬಲವಿತ್ತರೂ ಯೂರೋಪಿನ ಬಹುಪಾಲು ಪ್ರಸೂತಿ ತಜ್ಞರು ಎದುರಾದರು. ಮಹಾ ವಿಜ್ಞಾನಿ ವಿರ್ಖೋ ಸಹ ಒಪ್ಪಿಕೊಳ್ಳಲಿಲ್ಲ. ರೋಗಾಣು ಸಿದ್ಧಾಂತವು ಇನ್ನೂ ರೂಪುಗೊಂಡಿರಲಿಲ್ಲವಾದ್ದರಿಂದ ಅವರ ಸಂದೇಹಕ್ಕೆ ಒಂದು ನೆಲೆಯಿತ್ತೆನ್ನಬಹುದು. ಆದರೆ ಕೈ ತೊಳೆದು ನೋಡಲು ಸಿದ್ಧಾಂತವೇನೂ ಬೇಕಿರಲಿಲ್ಲ. ಅಡ್ಡಿಯಾಗಿದ್ದುದು ಬೇರೆ. ಒಪ್ಪಿದೊಡನೆ, ತಮ್ಮ ಕೈಗಳಿಂದಲೇ ಅಳಿದ ತಾಯಂದಿರ ಲೆಕ್ಕವನ್ನೂ ಒಪ್ಪಬೇಕಾಗಿತ್ತು. ಜರ್ಮನಿಯ ಕೀಲ್ ನಗರದ ಮಿಖಾಯೆಲಿಸನು ಒಪ್ಪಿದನು. ತಾನು ಹೆರಿಗೆ ಮಾಡಿಸಿದ ಬಂಧುವೊಬ್ಬಳ ಸಾವಿಗೆ ತಾನೇ ಕಾರಣನೆಂಬ ಸಂತಾಪ ತಾಳಲಾರದೆ 1848ರಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಕದವಿಕ್ಕಿಕೊಂಡ ದೋಷ ಸೆಮ್ಮೆಲ್‌ವೈಸನಿಗೂ ತಪ್ಪಲಿಲ್ಲವೆಂಬುದನ್ನು ಇಲ್ಲಿ ಮರೆಮಾಚಲಾಗದು. 1850ರಲ್ಲಿ ಆತನು ಬೆಂಬಲಿಗರಿಗೂ ತಿಳಿಸದೆ ವಿಯೆನ್ನಾ ತೊರೆದು ಪೆಸ್ಟ್ ನಗರ ಸೇರಿದನು. ಅಲ್ಲಿಯೂ ತಾಯಂದಿರನ್ನು ಉಳಿಸಿದನು; 1855ರಲ್ಲಿ ಪ್ರಾಧ್ಯಾಪಕನಾದನು. ತನ್ನ ಗ್ರಂಥವನ್ನು ಪ್ರಕಟಿಸಿದುದು ಮಾತ್ರ 1861ರಲ್ಲಿ. ಅಷ್ಟರಲ್ಲಿ ಅಪಾರ್ಥಗಳು ಬೇರೂರಿದ್ದವು. ಆಕ್ಷೇಪವೆತ್ತಿದವರಿಗೆ ಸಮಾಧಾನದಿಂದ ಉತ್ತರಿಸುವ ತಾಳ್ಮೆ ಆತನಲ್ಲಿ ಉಳಿದಿರಲಿಲ್ಲ. ಅವರನ್ನು ಕೊಲೆಗಾರರೆಂದು ಜರೆದು ಬಹಿರಂಗ ಪತ್ರಗಳನ್ನು ಬರೆದನು.

1865ರ ಜುಲೈನಲ್ಲಿ ಆತನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವು ಕೀತು ನಂಜೇರಿ 47ನೆಯ ವಯಸ್ಸಿನಲ್ಲಿ ಅಸುನೀಗಿದನು. 1879ರಲ್ಲಿ ಪ್ಯಾರಿಸ್ಸಿನ ವೈದ್ಯ ಅಕಾಡೆಮಿಯ ಸಭೆಯಲ್ಲಿ ಬಾಣಂತಿ ಜ್ವರದ ಕಾರಣ ಕುರಿತು ವಾದ ನಡೆದಿದ್ದಾಗ, ಲೂಯಿ ಪಾಸ್ತರನು ಎದ್ದುಹೋಗಿ ಸರಪಣಿಯಂತೆ ಸಾಲುಗೂಡಿದ ಆ ರೋಗಾಣುವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದನು.