ಶಾಂತವೇರಿ ಗೋಪಾಲಗೌಡರು (1923–1972): ಶಾಸನಸಭೆಯಲ್ಲಿ ಗೇಣಿದಾರರ ದನಿ

ಪೀಠಿಕೆ

ಜಮೀನಿನ ಪಹಣಿ ಪತ್ರಿಕೆಯಲ್ಲಿ ತಮ್ಮ ಹೆಸರು ದಾಖಲಾಗಿರುವುದನ್ನು ರಾಜ್ಯದ ಅಸಂಖ್ಯಾತ ರೈತ ಕುಟುಂಬಗಳು ಇಂದು ಸಹಜವೆಂದೇ ಭಾವಿಸುತ್ತವೆ. ಉಳುವವನ ಹೆಸರು ಈ ದಾಖಲೆಯನ್ನು ಸೇರಿದ್ದರ ಹಿಂದೆ ದೀರ್ಘವಾದ ಹೋರಾಟವಿದೆ. ಆ ಹೋರಾಟವನ್ನು ಹೊಲದಿಂದ ಶಾಸನಸಭೆಗೆ ಕೊಂಡೊಯ್ದವರಲ್ಲಿ ಶ್ರೀ ಶಾಂತವೇರಿ ಗೋಪಾಲಗೌಡರು ಪ್ರಮುಖರು. ಒಂದೇ ಪಕ್ಷವು ಶಾಸನಸಭೆಯ ಸುಮಾರು ಮುಕ್ಕಾಲು ಭಾಗ ಸ್ಥಾನಗಳನ್ನು ಹೊಂದಿದ್ದ ಕಾಲದಲ್ಲಿ, ಬೆರಳೆಣಿಕೆಯ ವಿರೋಧ ಸದಸ್ಯರಲ್ಲಿ ಒಬ್ಬರಾಗಿ ಅವರು ಸಲ್ಲಿಸಿದ ಸೇವೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಗೋಪಾಲಗೌಡರು ದಿನಾಂಕ 14-03-1923ರಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆವಾಸ ಅನುಭವಿಸಿದರು. ಸ್ವಾತಂತ್ರ್ಯಾನಂತರ ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳಿಂದ ಪ್ರಭಾವಿತರಾಗಿ ಸಮಾಜವಾದಿ ಪಕ್ಷದ ಕಾರ್ಯಕರ್ತರಾಗಿ ಮಲೆನಾಡಿನ ಹಳ್ಳಿಗಳಲ್ಲಿ ಸಂಘಟನೆಗೆ ತೊಡಗಿದರು. ಸಾಹಿತ್ಯ ಹಾಗೂ ಸಂಗೀತದಲ್ಲಿ ಅಪಾರ ಆಸಕ್ತಿ ಹೊಂದಿದ್ದ ಅವರಿಗೆ ಸಾಹಿತಿಗಳ ಒಡನಾಟವೂ ಇತ್ತು.

ಕಾಗೋಡು ಸತ್ಯಾಗ್ರಹ

ಅಂದಿನ ಮಲೆನಾಡಿನಲ್ಲಿ ಗದ್ದೆಯ ಒಡೆತನ ಭೂಮಾಲೀಕರದಾಗಿದ್ದು, ಸಾಗುವಳಿ ಗೇಣಿದಾರರದಾಗಿತ್ತು. ಬೆಳೆದ ಭತ್ತದಲ್ಲಿ ನಿಗದಿಯಾದಷ್ಟನ್ನು ಗೇಣಿದಾರರು ಒಡೆಯರಿಗೆ ಅಳೆದು ಕೊಡಬೇಕಾಗಿತ್ತು. ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದಲ್ಲಿ ಈ ಅಳತೆಯೇ ವಿವಾದಕ್ಕೆ ಕಾರಣವಾಯಿತು. ಗೇಣಿ ಅಳೆಯಲು ಬಳಸುತ್ತಿದ್ದ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದಾಗಿದ್ದು, ಲೆಕ್ಕಕ್ಕೆ ಒಂದು ಕೊಳಗವಾದರೂ ಕಣದಿಂದ ಹೋಗುತ್ತಿದ್ದ ಭತ್ತ ಹೆಚ್ಚಾಗಿರುತ್ತಿತ್ತು ಎಂಬುದು ಗೇಣಿದಾರರ ಅಹವಾಲು. ಬಹುಪಾಲು ದೀವರ ಸಮುದಾಯಕ್ಕೆ ಸೇರಿದ್ದ ಈ ರೈತರನ್ನು ಶ್ರೀ ಎಚ್. ಗಣಪತಿಯಪ್ಪನವರು ಸಂಘಟಿಸಿದರು. ವಿರೋಧಿಸಿದವರಿಗೆ ಸಾಗುವಳಿಯನ್ನು ನಿರಾಕರಿಸಿದಾಗ 1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ರೈತರು ತಂಡತಂಡವಾಗಿ ನೇಗಿಲು ಹಿಡಿದು ಗದ್ದೆಗಿಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷವು ಈ ಹೋರಾಟವನ್ನು ಕೈಗೆತ್ತಿಕೊಂಡಿತು. ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು. ಅದೇ ವರ್ಷ ಜೂನ್ ತಿಂಗಳಲ್ಲಿ ಸಾಗರಕ್ಕೆ ಆಗಮಿಸಿದ ಡಾ. ಲೋಹಿಯಾ ಅವರನ್ನೂ ಬಂಧಿಸಲಾಯಿತು.

1952ರ ಚುನಾವಣೆ

ಸತ್ಯಾಗ್ರಹ ನಡೆದ ಕೆಲವೇ ತಿಂಗಳುಗಳಲ್ಲಿ ಪ್ರಥಮ ಮಹಾಚುನಾವಣೆ ಬಂದಿತು. ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಮತ ನೀಡುವ ಹಕ್ಕು ಆಸ್ತಿ, ವಿದ್ಯೆ ಮುಂತಾದ ಅರ್ಹತೆಗಳಿದ್ದ ಕೆಲವರಿಗಷ್ಟೇ ಮೀಸಲಾಗಿತ್ತು. ಸಂವಿಧಾನದನ್ವಯ 21 ವರ್ಷ ತುಂಬಿದ ಎಲ್ಲರಿಗೂ ಮತದಾನದ ಹಕ್ಕು ದೊರೆತ ಕಾರಣ ಗೇಣಿದಾರನೂ ಒಡೆಯನೂ ಸಮಾನ ಮತದಾರರಾದರು. ಅಂದು ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಮತಪೆಟ್ಟಿಗೆ ಇರುತ್ತಿತ್ತು. ಅಕ್ಷರ ಬಾರದವರೂ ಮರೆಯೊಳಗೆ ಹೋಗಿ, ತಮಗೆ ಒಪ್ಪಿಗೆಯಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿ ಬರಬಹುದಾಗಿತ್ತು. ಒಡೆಯರ ಜಮೀನನ್ನೇ ನಂಬಿ ಬದುಕುತ್ತಿದ್ದವರಿಗೆ ಈ ಗೌಪ್ಯತೆಯೇ ದೊಡ್ಡ ರಕ್ಷಣೆಯಾಗಿತ್ತು.

ಸ್ವಾತಂತ್ರ್ಯ ಹೋರಾಟವನ್ನು ಮುನ್ನಡೆಸಿದ ಕಾಂಗ್ರೆಸ್ ಪಕ್ಷಕ್ಕೆ ಆಗ ಸರಿಸಾಟಿಯಾದ ಪಕ್ಷವಿರಲಿಲ್ಲ. ಜೋಡೆತ್ತಿನ ಚಿಹ್ನೆ ಹಳ್ಳಿಹಳ್ಳಿಗೂ ಪರಿಚಿತವಾಗಿತ್ತು. ಸಾಗರ–ಹೊಸನಗರ ಕ್ಷೇತ್ರದಲ್ಲಿ ಆ ಪಕ್ಷದ ಅಭ್ಯರ್ಥಿ ಶ್ರೀ ಎ.ಆರ್. ಬದರಿನಾರಾಯಣ್ ಅವರ ವಿರುದ್ಧ ಆಲದ ಮರದ ಚಿಹ್ನೆಯಡಿ ಗೋಪಾಲಗೌಡರು ಸ್ಪರ್ಧಿಸಿದರು. ಅವರಿಗೆ ಆಗ 28 ವರ್ಷ. ಹಣಬಲವಿಲ್ಲದ ಅವರು ತಮ್ಮ ಚುನಾವಣೆಗಳಲ್ಲಿ ಮತದಾರರಿಂದ ಮತದ ಜೊತೆಗೆ ಒಂದು ನೋಟನ್ನೂ ಕೇಳಿ ಪಡೆಯುತ್ತಿದ್ದುದು ಮಲೆನಾಡಿನಲ್ಲಿ ಮನೆಮಾತಾಗಿದೆ.

ಫಲಿತಾಂಶ ಪ್ರಕಟವಾದಾಗ ಮೈಸೂರು ರಾಜ್ಯದ 99 ಸ್ಥಾನಗಳ ಪೈಕಿ ಕಾಂಗ್ರೆಸ್ 74 ಸ್ಥಾನಗಳನ್ನೂ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷ 8 ಸ್ಥಾನಗಳನ್ನೂ, ಸಮಾಜವಾದಿ ಪಕ್ಷ 3 ಸ್ಥಾನಗಳನ್ನೂ ಗಳಿಸಿದ್ದವು. ಆ ಮೂವರಲ್ಲಿ ಗೋಪಾಲಗೌಡರೂ ಒಬ್ಬರು. ಆಡಳಿತ ಪಕ್ಷ ಪಡೆದ ಮತಗಳು ಒಟ್ಟು ಮತಗಳ ಅರ್ಧಕ್ಕಿಂತ ಕಡಿಮೆಯಿದ್ದರೂ, ವಿರೋಧ ಮತಗಳು ಹಲವು ಪಕ್ಷಗಳಲ್ಲಿ ಮತ್ತು ಪಕ್ಷೇತರರಲ್ಲಿ ಹಂಚಿಹೋದ ಪ್ರಯುಕ್ತ ಸದನದಲ್ಲಿ ಈ ಅಂತರ ಉಂಟಾಯಿತು.

ಶಾಸನಸಭೆಯಲ್ಲಿ

ಇಂತಹ ಸದನದಲ್ಲಿ ಮತಕ್ಕೆ ಹಾಕಿದ ಯಾವ ವಿಷಯದಲ್ಲಿಯೂ ವಿರೋಧ ಪಕ್ಷ ಗೆಲ್ಲುವ ಸಂಭವವಿರಲಿಲ್ಲ. ಆದರೆ ಸದನದಲ್ಲಿ ಎತ್ತಿದ ಪ್ರಶ್ನೆ ನಡವಳಿಯಲ್ಲಿ ದಾಖಲಾಗುತ್ತಿತ್ತು. ಸರ್ಕಾರ ಅದಕ್ಕೆ ಉತ್ತರಿಸಬೇಕಾಗುತ್ತಿತ್ತು. ಈ ಅವಕಾಶವನ್ನು ಗೋಪಾಲಗೌಡರು ಪೂರ್ಣವಾಗಿ ಬಳಸಿಕೊಂಡು, ಉಳುವವನಿಗೇ ಭೂಮಿ ಸೇರಬೇಕೆಂದು ನಿರಂತರವಾಗಿ ಪ್ರತಿಪಾದಿಸಿದರು. ಆಡಳಿತವು ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ದೊರೆಯಬೇಕು ಎಂಬುದೂ ಅವರ ಬೇಡಿಕೆಗಳಾಗಿದ್ದವು.

ಆಡಳಿತ ಪಕ್ಷದಲ್ಲಿಯೂ ಗೇಣಿ ಸುಧಾರಣೆಯನ್ನು ಬಯಸಿದವರಿದ್ದರು. ತೀರ್ಥಹಳ್ಳಿಯಿಂದ ಆಯ್ಕೆಯಾಗಿ ಕಂದಾಯ ಸಚಿವರಾದ ಶ್ರೀ ಕಡಿದಾಳ್ ಮಂಜಪ್ಪನವರು ಅವರಲ್ಲಿ ಮುಖ್ಯರು. ಅದೇ ಪಕ್ಷದಲ್ಲಿ ಭೂಮಾಲೀಕರೂ ಇದ್ದುದರಿಂದ ಸುಧಾರಣೆ ಹಂತಹಂತವಾಗಿ ಸಾಗಿತು. 1952ರ ಮೈಸೂರು ಗೇಣಿ ಕಾಯಿದೆ ಹಾಗೂ 1961ರ ಭೂಸುಧಾರಣಾ ಕಾಯಿದೆಗಳು ಗೇಣಿದಾರರಿಗೆ ಕೆಲವು ರಕ್ಷಣೆಗಳನ್ನು ಒದಗಿಸಿದವು. ಎರಡನೆಯ ಕಾಯಿದೆ ಜಾರಿಗೆ ಬಂದದ್ದು ದಿನಾಂಕ 02-10-1965ರಂದು. ಸ್ವಂತ ಸಾಗುವಳಿಯ ಕಾರಣ ನೀಡಿ ಭೂಮಿಯನ್ನು ಹಿಂಪಡೆಯಲು ಮಾಲೀಕರಿಗೆ ಅದರಲ್ಲಿ ಅವಕಾಶವಿತ್ತು.

ಸೋಲು ಮತ್ತು ಪುನರಾಯ್ಕೆ

ರಾಜ್ಯ ಪುನರ್ವಿಂಗಡಣೆಯ ನಂತರ ನಡೆದ 1957ರ ಚುನಾವಣೆಯಲ್ಲಿ ಗೋಪಾಲಗೌಡರು ಪರಾಭವ ಹೊಂದಿದರು. ಆ ಬಾರಿ 208 ಸ್ಥಾನಗಳಲ್ಲಿ ಕಾಂಗ್ರೆಸ್ 150 ಸ್ಥಾನಗಳನ್ನು ಪಡೆಯಿತು. ಸ್ಥಾನವಿಲ್ಲದ ಐದು ವರ್ಷಗಳಲ್ಲಿಯೂ ಗೌಡರು ತಮ್ಮ ನಿಲುವನ್ನು ಬದಲಿಸದೆ ಪಕ್ಷದ ಕಾರ್ಯದಲ್ಲಿ ಮುಂದುವರಿದರು. 1962ರಲ್ಲಿ ಹಾಗೂ 1967ರಲ್ಲಿ ಮತದಾರರು ಅವರನ್ನು ಪುನಃ ಶಾಸನಸಭೆಗೆ ಕಳುಹಿಸಿದರು. ಇಷ್ಟರಲ್ಲಿ ಏಕಪಕ್ಷದ ಪ್ರಾಬಲ್ಯವೂ ಇಳಿಮುಖವಾಗುತ್ತಿತ್ತು: 1962ರಲ್ಲಿ 208ಕ್ಕೆ 138 ಸ್ಥಾನಗಳಿದ್ದ ಕಾಂಗ್ರೆಸ್ 1967ರಲ್ಲಿ 216ಕ್ಕೆ 126 ಸ್ಥಾನಗಳನ್ನು ಪಡೆಯಿತು. ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾದ ಶ್ರೀ ಜೆ.ಎಚ್. ಪಟೇಲ್ ಹಾಗೂ ಸೊರಬದಿಂದ ಶಾಸನಸಭೆಗೆ ಆಯ್ಕೆಯಾದ ಶ್ರೀ ಎಸ್. ಬಂಗಾರಪ್ಪ ಇಬ್ಬರೂ ಸಮಾಜವಾದಿ ಚಳವಳಿಯಲ್ಲಿ ಬೆಳೆದವರು. ಮುಂದೆ ಇಬ್ಬರೂ ರಾಜ್ಯದ ಮುಖ್ಯಮಂತ್ರಿಗಳಾದರು.

ನಿಧನ ಮತ್ತು ನಂತರದ ಶಾಸನ

ದೀರ್ಘಕಾಲದ ಅನಾರೋಗ್ಯದ ನಂತರ ಗೋಪಾಲಗೌಡರು ದಿನಾಂಕ 09-06-1972ರಂದು ತಮ್ಮ 49ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಅವರು ಎಂದೂ ಸಚಿವರಾಗಲಿಲ್ಲ. ಅವರು ಬಯಸಿದ ಭೂಶಾಸನವಾಗಲಿ, ರಾಜ್ಯದ ಹೊಸ ಹೆಸರಾಗಲಿ ಅವರ ಜೀವಿತಕಾಲದಲ್ಲಿ ಬರಲಿಲ್ಲ. ಡಾ. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಗೆ ಗೌಡರ ಬದುಕು ಪ್ರೇರಣೆಯಾಯಿತು.

ದಿನಾಂಕ 01-11-1973ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಶ್ರೀ ಡಿ. ದೇವರಾಜ ಅರಸು ಅವರ ಸರ್ಕಾರವು ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯು ದಿನಾಂಕ 01-03-1974ರಿಂದ ಜಾರಿಗೆ ಬಂದು, ಕಾಯಿದೆಯ 44ನೆಯ ಪ್ರಕರಣದನ್ವಯ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರು. ತಾಲ್ಲೂಕು ಮಟ್ಟದ ಭೂನ್ಯಾಯ ಮಂಡಳಿಗಳು ವಿಚಾರಣೆ ನಡೆಸಿ ಅರ್ಹರಿಗೆ ಅಧಿಭೋಗದ ಹಕ್ಕನ್ನು ಮಂಜೂರು ಮಾಡಿದವು. ಗೌಡರು ಜೀವನಪೂರ್ತಿ ವಿರೋಧಿಸಿದ ಪಕ್ಷದ ಧುರೀಣರೇ, ಅವರು ಎರಡು ದಶಕಗಳ ಹಿಂದೆ ಎತ್ತಿದ್ದ ಬೇಡಿಕೆಯನ್ನು ಶಾಸನವಾಗಿಸಿದರು.

ಸಾರ್ವಜನಿಕರ ಗಮನಕ್ಕೆ

ಸದನದಲ್ಲಿ ಒಂದು ಪಕ್ಷದ ಬಲ ಎಷ್ಟೇ ಇದ್ದರೂ, ಮತದಾರರು ಆರಿಸಿ ಕಳುಹಿಸಿದ ಒಬ್ಬ ಸದಸ್ಯನ ಪ್ರಶ್ನೆಯೂ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಗೋಪಾಲಗೌಡರ ಜೀವನ ನಿದರ್ಶನವಾಗಿದೆ. ಹಳೆಯ ಪಹಣಿ, ಹಕ್ಕು ಬದಲಾವಣೆ ದಾಖಲೆ ಅಥವಾ ಭೂನ್ಯಾಯ ಮಂಡಳಿಯ ಆದೇಶದ ನಕಲಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರಿಗೆ ಅವುಗಳಲ್ಲಿ ಗೇಣಿ, ಅಧಿಭೋಗ ಮುಂತಾದ ಪದಗಳು ಕಂಡುಬರುತ್ತವೆ. ಆ ಪದಗಳ ಹಿಂದಿನ ಚರಿತ್ರೆಯನ್ನು ತಿಳಿಯಲು ಈ ಮಾಹಿತಿ ಸಹಕಾರಿಯಾಗುವುದೆಂದು ಆಶಿಸಲಾಗಿದೆ.